ಮೂವತ್ತು ಸೆಕೆಂಡಿನ ಜಗಳ

ಶನಿವಾರ ಬೆಳಿಗ್ಗೆ ಗಣೇಶಗುಡಿಗೆ ಬಂದಿಳಿಯುವ ಪ್ರವಾಸಿ ಗಾಡಿಗಳಲ್ಲಿ ಇನ್ನೋವಾಗಳು ತಪ್ಪದೆ ಇರುತ್ತವೆ. ಹುಬ್ಬಳ್ಳಿ, ಬೆಳಗಾವಿ, ಗೋವೆಯ ಕಡೆಯಿಂದ ಕಾಳಿ ನದಿಯ ರ‍್ಯಾಫ್ಟಿಂಗಿಗೆಂದು ಬರುವ ಜನ, ಬಾಡಿಗೆಗೆ ಹಿಡಿದ ಹಳದಿ ಬೋರ್ಡಿನ ಗಾಡಿ. ಇಪ್ಪತ್ತು ವರ್ಷಗಳ ಹಿಂದಾದರೆ ಅದೇ ಜಾಗದಲ್ಲಿ ಕ್ವಾಲಿಸ್ ನಿಂತಿರುತ್ತಿತ್ತು. ಎರಡೂ ತಯಾರಾದದ್ದು ರಾಮನಗರದ ಹತ್ತಿರದ ಬಿಡದಿಯಲ್ಲಿ, ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ.

ಜೋಯಿಡಾ ತಾಲ್ಲೂಕಿನ ಈ ಕಾಡಿನ ಮೂಲೆಯಿಂದ ಬಿಡದಿ ನಾನೂರು ಕಿಲೋಮೀಟರಿಗೂ ಆಚೆ. ಆದರೂ ಆ ಕಾರ್ಖಾನೆಯ ಕತೆಯಲ್ಲಿ ನಮ್ಮ ಕಡೆಯವರು ಎರಡು ಸಲ ಮುಖ್ಯ ಪಾತ್ರದಲ್ಲಿ ಬರುತ್ತಾರೆ. 1997ರಲ್ಲಿ ಟೊಯೊಟಾ ಕರ್ನಾಟಕಕ್ಕೆ ಕಾಲಿಟ್ಟಾಗ ರಾಜ್ಯದ ಕೈಗಾರಿಕಾ ಸಚಿವರಾಗಿದ್ದವರು ಹಳಿಯಾಳದ ಶಾಸಕ ಆರ್.ವಿ. ದೇಶಪಾಂಡೆ. ಗಣೇಶಗುಡಿ, ದಾಂಡೇಲಿ ಎರಡೂ ಹಳಿಯಾಳ ಕ್ಷೇತ್ರದವೇ. 2020ರ ನವೆಂಬರಿನಲ್ಲಿ ಅದೇ ಕಾರ್ಖಾನೆಯ ಗೇಟಿಗೆ ಬೀಗ ಬಿದ್ದಾಗ ಕಾರ್ಮಿಕ ಸಚಿವರಾಗಿದ್ದವರು ಶಿವರಾಮ ಹೆಬ್ಬಾರ್. ಅವರ ಯಲ್ಲಾಪುರ ಕ್ಷೇತ್ರದಲ್ಲಿ ಮುಂಡಗೋಡ ಸೇರಿದೆ. ಕಾರ್ಖಾನೆ ಬಂದದ್ದು ಒಬ್ಬರ ಕಾಲದಲ್ಲಿ, ಪಂಚಾಯ್ತಿ ಬಂದದ್ದು ಇನ್ನೊಬ್ಬರ ಪಾಲಿಗೆ.

ಆ ಪಂಚಾಯ್ತಿಯ ಸುದ್ದಿಯನ್ನು ಓದಿದವರಿಗೆಲ್ಲ ಅದು ಸಂಬಳದ ಜಗಳವೆಂದೇ ನೆನಪು. ಹಾಗಿರಲಿಲ್ಲ.

2020ರ ನವೆಂಬರ್ 9ರಂದು ಕಾರ್ಮಿಕ ಸಂಘದ ಪದಾಧಿಕಾರಿಯೊಬ್ಬರನ್ನು ಕಂಪನಿ ಅಮಾನತ್ತು ಮಾಡಿತು. ಉಳಿದವರು ಕಾರ್ಖಾನೆಯೊಳಗೇ ಧರಣಿ ಕೂತರು. ಮರುದಿನ ಲಾಕೌಟ್. ಕಂಪನಿ ಹೇಳಿದ್ದು ಶಿಸ್ತಿನ ಮಾತು: ಕಾನೂನುಬಾಹಿರ ಧರಣಿ, ಕೋವಿಡ್ ನಿಯಮದ ಉಲ್ಲಂಘನೆ. ಸಂಘ ಹೇಳಿದ್ದು ಗಡಿಯಾರದ ಮಾತು. ಮೊದಲು ಮೂರು ನಿಮಿಷಕ್ಕೆ ಒಂದು ಗಾಡಿ ಲೈನಿನಿಂದ ಹೊರಬರುತ್ತಿತ್ತು, ಈಗ ಎರಡೂವರೆ ನಿಮಿಷಕ್ಕೆ ಬರಬೇಕು ಎನ್ನುತ್ತಿದ್ದಾರೆ. ಶೌಚಾಲಯಕ್ಕೆ ಹೋಗಿಬರಲೂ ಬಿಡುವಿಲ್ಲ ಎಂಬುದು ಅವರ ದೂರು.

ಮೂವತ್ತು ಸೆಕೆಂಡು ಎಂದರೆ ಹೊರಗಿನವರಿಗೆ ನಗು ಬರಬಹುದು. ಲೆಕ್ಕ ಹಾಕಿ ನೋಡಿ. ಊಟ, ಚಹಾ ಕಳೆದು ಒಂದು ಪಾಳಿಯಲ್ಲಿ 450 ನಿಮಿಷ ಲೈನು ಓಡುತ್ತದೆ ಎಂದಿಟ್ಟುಕೊಳ್ಳೋಣ. ಮೂರು ನಿಮಿಷದ ಲೆಕ್ಕದಲ್ಲಿ 150 ಗಾಡಿ, ಎರಡೂವರೆ ನಿಮಿಷದ ಲೆಕ್ಕದಲ್ಲಿ 180. ಬೋಲ್ಟು ಬಿಗಿಯುವವನ ಮುಂದೆ ಅದೇ ಪಾಳಿಯಲ್ಲಿ, ಅದೇ ಸಂಬಳಕ್ಕೆ, ಮೂವತ್ತು ಗಾಡಿ ಹೆಚ್ಚು ಹಾದುಹೋಗುತ್ತವೆ. ಗಾಡಿಗೊಂದರಂತೆ ಸಿಗುತ್ತಿದ್ದ ಉಸಿರಾಡುವ ಬಿಡುವು ಹೋಗುತ್ತದೆ. ಟೊಯೊಟಾದವರು ಈ ಅಳತೆಗೆ ಟ್ಯಾಕ್ಟ್ ಟೈಮ್ ಎನ್ನುತ್ತಾರೆ. ಗಿರಾಕಿ ಎಷ್ಟು ಬೇಗ ಗಾಡಿ ಕೇಳುತ್ತಾನೋ ಅಷ್ಟು ಬೇಗ ಲೈನು ಓಡಬೇಕು ಎಂಬುದು ಅದರ ತತ್ವ. ಓಡುವವನು ಎಷ್ಟು ಬೇಗ ಓಡಬಲ್ಲ ಎಂಬುದು ಆ ಲೆಕ್ಕದಲ್ಲಿ ತಾನಾಗಿ ಬರುವುದಿಲ್ಲ. ಅದನ್ನು ಯಾರಾದರೂ ಕೂತು ಮಾತಾಡಿ ಸೇರಿಸಬೇಕು.

ಕಾರಿನ ಕಾರ್ಖಾನೆಗಳ ಜಗಳಗಳನ್ನು ಒಂದೊಂದಾಗಿ ಹಿಂದಕ್ಕೆ ಹಿಡಿದು ಹೋದರೆ ಬಹುತೇಕ ಈ ಗಡಿಯಾರದ ಮುಂದೆಯೇ ಹೋಗಿ ನಿಲ್ಲುತ್ತೇವೆ. 1913ರಲ್ಲಿ ಅಮೆರಿಕದ ಡೆಟ್ರಾಯ್ಟ್ ಬಳಿಯ ಹೈಲ್ಯಾಂಡ್ ಪಾರ್ಕಿನಲ್ಲಿ ಹೆನ್ರಿ ಫೋರ್ಡ್ ಚಲಿಸುವ ಲೈನನ್ನು ಹಾಕಿದಾಗ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿಯ ಜೋಡಣೆ ಕೆಲವೇ ತಿಂಗಳಲ್ಲಿ ತೊಂಬತ್ಮೂರು ನಿಮಿಷಕ್ಕಿಳಿಯಿತು. ಜನ ನಿಲ್ಲಲಿಲ್ಲ, ಬಿಟ್ಟು ಓಡಿದರು. ಒಂದೇ ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಸಲ ಹೊಸಬರನ್ನು ಹಿಡಿದು ತರಬೇಕಾಯಿತು. 1914ರ ಜನವರಿಯಲ್ಲಿ ಫೋರ್ಡ್ ಘೋಷಿಸಿದ ದಿನಕ್ಕೆ ಐದು ಡಾಲರ್ ಕೂಲಿಯನ್ನು ಇಂದಿಗೂ ಮಾಲೀಕನ ಔದಾರ್ಯವೆಂದು ಮ್ಯಾನೇಜ್‌ಮೆಂಟ್ ಪುಸ್ತಕಗಳು ಹೊಗಳುತ್ತವೆ. ಅದು ವೇಗಕ್ಕೆ ಕೊಟ್ಟ ಬೆಲೆ.

1936ರ ಡಿಸೆಂಬರ್ 30ರಂದು ಮಿಷಿಗನ್ನಿನ ಫ್ಲಿಂಟ್ ಪಟ್ಟಣದ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಕಾರ್ಮಿಕರು ಯಂತ್ರಗಳ ಪಕ್ಕದಲ್ಲೇ ಕೂತುಬಿಟ್ಟರು. ಅವರ ಮುಖ್ಯ ದೂರುಗಳಲ್ಲೊಂದು ಲೈನಿನ ವೇಗ. ಚಳಿಗಾಲದಲ್ಲಿ ನಲವತ್ತನಾಲ್ಕು ದಿನ ಕೂತು, ಫೆಬ್ರವರಿ 11ಕ್ಕೆ ಎದ್ದಾಗ ಯುಎಡಬ್ಲ್ಯು ಎಂಬ ಸಂಘಕ್ಕೆ ಕಂಪನಿಯ ಮನ್ನಣೆ ಸಿಕ್ಕಿತ್ತು. 1972ರಲ್ಲಿ ಓಹಾಯೋದ ಲಾರ್ಡ್ಸ್‌ಟೌನಿನಲ್ಲಿ ಅದೇ ಕಂಪನಿ ಗಂಟೆಗೆ ನೂರು ಕಾರು ತೆಗೆಯಲು ಹೊರಟಿತು. ಒಂದು ಕಾರಿನ ಮೇಲಿನ ಕೆಲಸಕ್ಕೆ ಮೂವತ್ತಾರು ಸೆಕೆಂಡು. ಸಂಬಳ ಚೆನ್ನಾಗಿಯೇ ಇತ್ತು. ಹುಡುಗರು ಮುಷ್ಕರ ಹೂಡಿದ್ದು ವೇಗದ ವಿರುದ್ಧ. ಆ ಕಾರ್ಖಾನೆಯನ್ನು ಜನರಲ್ ಮೋಟಾರ್ಸ್ 2019ರಲ್ಲಿ ನಿಲ್ಲಿಸಿತು.

ಕಾರ್ಮಿಕರ ಒಪ್ಪಿಗೆಯಿಲ್ಲದೆ ಲೈನು ಓಡದು ಎಂಬ ಪಾಠವನ್ನು ಟೊಯೊಟಾ ಹೊರಗಿನಿಂದ ಕಲಿಯಬೇಕಾದ ಅಗತ್ಯವೇ ಇರಲಿಲ್ಲ. ಯುದ್ಧದಲ್ಲಿ ಸೋತ ಜಪಾನಿನಲ್ಲಿ 1949ರಲ್ಲಿ ಅಮೆರಿಕದ ಬ್ಯಾಂಕರ್ ಜೋಸೆಫ್ ಡಾಜ್ ತಂದ ಬಿಗಿ ಹಣಕಾಸು ನೀತಿಗೆ ಸಿಕ್ಕಿ ಟೊಯೊಟಾ ದಿವಾಳಿಯ ಅಂಚಿಗೆ ಬಂತು. ಬ್ಯಾಂಕುಗಳು ಸಾಲ ಕೊಡಲು ಒಪ್ಪಿದವು, ಜನರನ್ನು ಕಡಿಮೆ ಮಾಡಿ ಎಂದವು. 1950ರಲ್ಲಿ ದೊಡ್ಡ ಮುಷ್ಕರವಾಯಿತು. ಕೊನೆಗೆ ಸಾವಿರಾರು ಮಂದಿ ಕೆಲಸ ಬಿಟ್ಟು ಹೋದರು. ಆದರೆ ಜೂನಿನಲ್ಲಿ ಕಂಪನಿಯ ಸ್ಥಾಪಕ ಕಿಇಚಿರೊ ಟೊಯೊಡ ಕೂಡ ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದೇ ತಿಂಗಳು ಕೊರಿಯಾ ಯುದ್ಧ ಶುರುವಾಗಿ ಅಮೆರಿಕದ ಸೈನ್ಯ ಲಾರಿಗಳಿಗೆ ಆರ್ಡರ್ ಕೊಟ್ಟಿತು, ಕಂಪನಿ ಬದುಕಿಕೊಂಡಿತು. ಉಳಿದ ಕಾರ್ಮಿಕರಿಗೆ ಕೆಲಸದ ಭದ್ರತೆ, ಪ್ರತಿಯಾಗಿ ಅವರಿಂದ ಸಹಕಾರ: 1962ರಲ್ಲಿ ಆಡಳಿತ ಮತ್ತು ಸಂಘ ಸೇರಿ ಹೊರಡಿಸಿದ ಜಂಟಿ ಘೋಷಣೆಯ ಹಿಂದೆ ಇರುವುದು ಈ ಕೊಡುಕೊಳ್ಳುವಿಕೆ. ಲೋಕವೆಲ್ಲ ಹಾಡಿಹೊಗಳುವ ಟೊಯೊಟಾ ಪದ್ಧತಿಗೆ ಅಡಿಗಲ್ಲು ಇದು.

ಇದೇ ಪದ್ಧತಿಯನ್ನು ಜಪಾನಿನ ಹೊರಗೆ, ಬೇರೆ ಬಗೆಯ ಸಂಘವಿರುವ ಜಾಗದಲ್ಲಿ ನಡೆಸಬಹುದೇ ಎಂಬ ಪ್ರಶ್ನೆಗೂ ಟೊಯೊಟಾದ ಬಳಿ ಉತ್ತರವಿತ್ತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ಜನರಲ್ ಮೋಟಾರ್ಸಿನ ಒಂದು ಕಾರ್ಖಾನೆ ಗೈರುಹಾಜರಿಗೂ ಜಗಳಕ್ಕೂ ಕುಖ್ಯಾತವಾಗಿ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೊಟಾ ಜೊತೆಗೂಡಿ ಅದನ್ನು ನುಮ್ಮಿ ಎಂಬ ಹೆಸರಲ್ಲಿ ಮತ್ತೆ ತೆರೆದಾಗ ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳೆಯ ಕಾರ್ಮಿಕರೇ, ಸಂಘವೂ ಹಳೆಯದೇ. ಗುಣಮಟ್ಟ ಮಾತ್ರ ಬೇರೆಯಾಯಿತು. ಲೈನಿನ ಉದ್ದಕ್ಕೂ ತೂಗುವ ಆಂಡಾನ್ ಹಗ್ಗವನ್ನು ಸಾಮಾನ್ಯ ಕಾರ್ಮಿಕನೂ ಜಗ್ಗಿ ಇಡೀ ಲೈನನ್ನು ನಿಲ್ಲಿಸಬಹುದಿತ್ತು. ಬೈಸಿಕೊಳ್ಳದೆ ಲೈನು ನಿಲ್ಲಿಸುವ ಅಧಿಕಾರ ಅವರಿಗೆ ಹೊಸದು. ಆ ಕಾರ್ಖಾನೆ 2010ರವರೆಗೆ ನಡೆಯಿತು, ಈಗ ಅದು ಟೆಸ್ಲಾದ್ದು.

ಇಷ್ಟೆಲ್ಲ ಗೊತ್ತಿದ್ದ ಕಂಪನಿ ಬಿಡದಿಯಲ್ಲಿ ಯಾಕೆ ಮತ್ತೆ ಮತ್ತೆ ಎಡವಿತು?

ಹಣದ ಕಷ್ಟ ಸುಳ್ಳಲ್ಲ. 2020ರ ಹೊತ್ತಿಗೆ ಬಿಡದಿಯ ಎರಡು ಘಟಕಗಳ ಸಾಮರ್ಥ್ಯ ವರ್ಷಕ್ಕೆ 3,10,000 ಗಾಡಿ. ಮಾರಾಟ ಅದರ ಅರ್ಧಕ್ಕೂ ಏರುತ್ತಿರಲಿಲ್ಲ. ದೊಡ್ಡ ಗಾಡಿಗಳ ಮೇಲೆ ಆಗ ಜಿಎಸ್‌ಟಿ ಶೇ 28, ಮೇಲೊಂದು ಸೆಸ್, ಎರಡೂ ಸೇರಿ ಶೇ 50ರವರೆಗೆ. 2020ರ ಸೆಪ್ಟೆಂಬರಿನಲ್ಲಿ, ಅಂದರೆ ಲಾಕೌಟಿಗೆ ಎರಡು ತಿಂಗಳ ಮೊದಲು, ಈ ತೆರಿಗೆಯಿಂದಾಗಿ ಭಾರತದಲ್ಲಿ ಇನ್ನು ವಿಸ್ತರಣೆ ಇಲ್ಲ ಎಂದು ಕಂಪನಿಯ ಉಪಾಧ್ಯಕ್ಷ ಶೇಖರ್ ವಿಶ್ವನಾಥನ್ ಹೇಳಿದ್ದು ದೆಹಲಿಯಲ್ಲಿ ಗದ್ದಲವೆಬ್ಬಿಸಿತು. ಬೆನ್ನಿಗೇ ಇನ್ನೊಬ್ಬ ಉಪಾಧ್ಯಕ್ಷ ವಿಕ್ರಮ್ ಕಿರ್ಲೋಸ್ಕರ್ 2,000 ಕೋಟಿ ರೂಪಾಯಿಗೂ ಹೆಚ್ಚಿನ ಹೂಡಿಕೆಯ ಮಾತಾಡಿ ಸಮಾಧಾನ ಮಾಡಬೇಕಾಯಿತು.

ಅರ್ಧ ಸಾಮರ್ಥ್ಯ ಖಾಲಿ ಬಿದ್ದಿರುವಾಗ ಲೈನಿನ ವೇಗ ಹೆಚ್ಚಿಸುವುದೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಹನ ಉದ್ಯಮದ ಅಂಕಗಣಿತವನ್ನು ನೋಡಿದರೆ ನನಗೆ ತೋಚುವ ಉತ್ತರ ಇದು. ವೇಗ ಬೇಕಾದದ್ದು ಹೆಚ್ಚು ಗಾಡಿಗಳಿಗಾಗಿ ಅಲ್ಲ, ಅಷ್ಟೇ ಗಾಡಿಗಳನ್ನು ಕಡಿಮೆ ಗಂಟೆಯಲ್ಲಿ ತೆಗೆಯಲಿಕ್ಕೆ. ಲೈನು ಓಡಿದಷ್ಟು ಹೊತ್ತು ವಿದ್ಯುತ್ತು, ಮೇಲ್ವಿಚಾರಕರು, ಬಸ್ಸು, ಕ್ಯಾಂಟೀನು ಎಲ್ಲದಕ್ಕೂ ಖರ್ಚು. ಜೋರಾಗಿ ಓಡಿ ಬೇಗ ನಿಂತ ಲೈನು ಅಗ್ಗ. ಹೀಗೆ ಉಳಿದ ಹಣ ಬ್ಯಾಲೆನ್ಸ್ ಶೀಟಿನಲ್ಲಿ ಕಾಣುತ್ತದೆ. ದುಡಿದವನ ಸೊಂಟನೋವು ಕಾಣುವುದಿಲ್ಲ.

ಇನ್ನು ಕೆಲಸಕ್ಕೆ ಮರಳುವವರಿಂದ ಕಂಪನಿ ಬರೆಸಿಕೊಳ್ಳುತ್ತಿದ್ದ ಮುಚ್ಚಳಿಕೆಯ ವಿಷಯ. ಬಿಡದಿಯ ಇತಿಹಾಸದಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವುದು ಇದೇ. 2006ರಲ್ಲಿ ಕೆಲವರನ್ನು ಕೆಲಸದಿಂದ ತೆಗೆದುಹಾಕಿದ್ದಕ್ಕೆ ಜನವರಿ 4ರಂದು ಮುಷ್ಕರ ಶುರುವಾಯಿತು, 8ಕ್ಕೆ ಲಾಕೌಟ್. 21ಕ್ಕೆ ಬಾಗಿಲು ತೆರೆದಾಗ ಕಂಪನಿ ಹಾಕಿದ ಷರತ್ತು: ಸನ್ನಡತೆಯ ಮುಚ್ಚಳಿಕೆಗೆ ಸಹಿ ಹಾಕಿ ಒಳಗೆ ಬನ್ನಿ. 2014ರಲ್ಲಿ ಜಗಳ ನಿಜವಾಗಿಯೂ ಸಂಬಳದ್ದು. ಸಂಘ ಕೇಳಿದ್ದು ಸುಮಾರು 4,000 ರೂಪಾಯಿ ಹೆಚ್ಚಳ, ಕಂಪನಿ ಒಪ್ಪಿದ್ದು 3,050. ಮಾರ್ಚ್ 16ಕ್ಕೆ ಲಾಕೌಟ್ ಆಯಿತು, 24ಕ್ಕೆ ತೆರವಾಯಿತು. ಆದರೆ ಕೆಲಸ ಸರಿಯಾಗಿ ಶುರುವಾದದ್ದು ಏಪ್ರಿಲ್ ಮೂರನೆಯ ವಾರ ದಾಟಿದ ಮೇಲೆ. ನಡುವಿನ ಅಷ್ಟೂ ದಿನ ಜಗಳ ನಿಂತದ್ದು ಮುಚ್ಚಳಿಕೆಯ ಮೇಲೆ. 2020ರಲ್ಲಿ ಪುನಃ ಅದೇ. ಸಾವಿರ ರೂಪಾಯಿಯ ವ್ಯತ್ಯಾಸವನ್ನು ಎರಡು ದಿನ ಕೂತು ಮುಗಿಸಬಹುದು. ‘ನಾನು ತಪ್ಪು ಮಾಡಿದೆ, ಇನ್ನು ಮಾಡುವುದಿಲ್ಲ’ ಎಂಬರ್ಥ ಬರುವ ಹಾಳೆಗೆ ಮೂರು ಸಾವಿರ ಜನ ಸಹಿ ಹಾಕಬೇಕೆಂದರೆ ಮುಗಿಯುವ ಜಗಳವೂ ಮುಗಿಯುವುದಿಲ್ಲ. ಹಣದ ಪ್ರಶ್ನೆ ಮಾನದ ಪ್ರಶ್ನೆಯಾಗುತ್ತದೆ. ಆ ಹಾಳೆಯಿಂದ ಕಂಪನಿಗೆ ಬಂದ ಲಾಭವೇನು ಎಂಬುದು ನನಗಂತೂ ಹೊಳೆದಿಲ್ಲ. ಸಹಿ ಹಾಕಿ ಒಳಗೆ ಹೋದವರ ನಡುವೆಯೇ ಮುಂದಿನ ಜಗಳವೂ ಹುಟ್ಟಿತು.

2020ರ ಗೋಜಲು ಹೀಗೆ ಸಾಗಿತು. ಹೆಬ್ಬಾರ್ ಮತ್ತು ರಾಮನಗರ ಜಿಲ್ಲೆಯ ಉಸ್ತುವಾರಿ ಹೊತ್ತಿದ್ದ ಉಪಮುಖ್ಯಮಂತ್ರಿ ಅಶ್ವತ್ಥನಾರಾಯಣ ಎರಡೂ ಕಡೆಯವರನ್ನು ಕರೆದು ಮಾತಾಡಿದರು. ನವೆಂಬರ್ ಮಧ್ಯದಲ್ಲಿ ಸರ್ಕಾರ ಮುಷ್ಕರವನ್ನೂ ಲಾಕೌಟನ್ನೂ ಒಟ್ಟಿಗೆ ನಿಷೇಧಿಸಿ ಆದೇಶ ಹೊರಡಿಸಿತು. 1947ರ ಕೈಗಾರಿಕಾ ವಿವಾದ ಕಾಯ್ದೆಯ 10ನೇ ಸೆಕ್ಷನ್ ಸರ್ಕಾರಕ್ಕೆ ಈ ಅಧಿಕಾರ ಕೊಡುತ್ತಿತ್ತು: ವಿವಾದವನ್ನು ನ್ಯಾಯಾಧಿಕರಣಕ್ಕೆ ಒಪ್ಪಿಸುವುದು, ಮುಷ್ಕರ ಮತ್ತು ಲಾಕೌಟ್ ಎರಡನ್ನೂ ನಿಲ್ಲಿಸಿ ಎನ್ನುವುದು. 19ಕ್ಕೆ ಗೇಟು ತೆರೆಯಿತು. ಮುಚ್ಚಳಿಕೆಗೆ ಒಪ್ಪದ ಬಹುಪಾಲು ಜನ ಒಳಗೆ ಹೋಗಲಿಲ್ಲ. 23ಕ್ಕೆ ಎರಡನೆಯ ಲಾಕೌಟ್! ಸರ್ಕಾರದ ಆದೇಶ ಕಾಗದದ ಮೇಲೆಯೇ ಉಳಿಯಿತು. ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ ಸಂಬಳದ ಬಾಕಿಗಾಗಿ ಸಿಟ್ಟಿಗೆದ್ದ ವಿಸ್ಟ್ರಾನ್ ಕಂಪನಿಯ ಕಾರ್ಮಿಕರು ಕಾರ್ಖಾನೆಯ ಗಾಜು ಪುಡಿಮಾಡಿದಾಗ ಎಲ್ಲರ ಗಮನ ಅತ್ತ ತಿರುಗಿತು. ಬಿಡದಿಯ ಗೇಟಿನೆದುರು ಟೆಂಟು ಹಾಕಿಕೊಂಡು ಶಾಂತವಾಗಿ ಕೂತವರ ಸುದ್ದಿ ಒಳಪುಟಕ್ಕೆ ಸರಿಯಿತು. ಹೆಬ್ಬಾರರ ಪಾಲಿಗೆ ಎರಡು ತಲೆನೋವು ಒಂದೇ ಚಳಿಗಾಲದಲ್ಲಿ.

2021ರ ಜನವರಿ 12ಕ್ಕೆ ಲಾಕೌಟ್ ತೆರವಾಯಿತು, ಮಾರ್ಚ್ ಮೊದಲ ವಾರಕ್ಕೆ ಮುಷ್ಕರ ಮುಗಿಯಿತು. ಹತ್ತಿರ ಹತ್ತಿರ ನಾಲ್ಕು ತಿಂಗಳು. ಹತ್ತಾರು ಮಂದಿ ಅಮಾನತ್ತಾಗಿ ವಿಚಾರಣೆಗೆ ನಿಂತಿದ್ದರು. ಸಂಘ ಗೆಲ್ಲಲಿಲ್ಲ.

ಯಾಕೆ ಗೆಲ್ಲಲಿಲ್ಲ ಎಂಬುದಕ್ಕೆ ಉತ್ತರ ಸಂಘದ ಒಳಗೇ ಇದೆ. ಅದರ ಸದಸ್ಯರು ಸುಮಾರು ಮೂರೂವರೆ ಸಾವಿರ ಕಾಯಂ ಕಾರ್ಮಿಕರು. ಅವರ ಪಕ್ಕದಲ್ಲೇ ನಿಂತು ಕೆಲಸ ಮಾಡುವ ತರಬೇತಿಯವರು, ಗುತ್ತಿಗೆಯವರು, ಅಪ್ರೆಂಟಿಸ್ ಹುಡುಗರು ಸಂಘದ ಹೊರಗೆ. ಲಾಕೌಟಿನ ದಿನಗಳಲ್ಲೂ ಇವರನ್ನೂ ಆಡಳಿತದ ಸಿಬ್ಬಂದಿಯನ್ನೂ ಇಟ್ಟುಕೊಂಡು ಲೈನನ್ನು ಅಷ್ಟಿಷ್ಟು ಓಡಿಸಲು ಕಂಪನಿಗೆ ಸಾಧ್ಯವಾಯಿತು. ಸಂಬಳ ಒಳ್ಳೆಯದೇ ಬರುವ ಕಾಯಂ ಕಾರ್ಮಿಕನ ಬಗ್ಗೆ ಹೊರಗಿನ ಜನರಿಗೂ ಕನಿಕರ ಕಡಿಮೆ. ‘ಅಷ್ಟು ಸಂಬಳ ತಗೊಂಡು ಇವರಿಗೇನು ಕಡಿಮೆ?’ ಎಂಬ ಮಾತು ನಮ್ಮ ಕಡೆಯೂ ಕೇಳಿಬಂತು.

ಅಮೆರಿಕದಲ್ಲಿ ಕಾರ್ಮಿಕರ ನಡುವಿನ ಇಂಥದೇ ಬಿರುಕನ್ನು ಕಂಪನಿಗಳು ಒಪ್ಪಂದದೊಳಗೇ ಬರೆಸಿದ್ದವು. ಅಲ್ಲಿನ ಹಣದ ಕಷ್ಟದ ಸ್ವರೂಪ ಬೇರೆ. ನಿವೃತ್ತರ ಪಿಂಚಣಿ, ಅವರ ಕುಟುಂಬದ ಆಸ್ಪತ್ರೆಯ ಖರ್ಚು ಎಲ್ಲ ಕಂಪನಿಯ ತಲೆಯ ಮೇಲೆ. ನಮ್ಮಲ್ಲಿ ಪಿಎಫ್, ಇಎಸ್ಐ ಎಂಬ ಸರ್ಕಾರಿ ವ್ಯವಸ್ಥೆಗಳು ಹೊರುವ ಹೊರೆಯನ್ನು ಅಲ್ಲಿ ಜನರಲ್ ಮೋಟಾರ್ಸ್ ಹೊತ್ತಿತ್ತು. 2007ರಲ್ಲಿ ಹೊಸದಾಗಿ ಸೇರುವವರಿಗೆ ಹಳಬರ ಹೆಚ್ಚುಕಡಿಮೆ ಅರ್ಧ ಕೂಲಿ ಎಂಬ ಎರಡು ಪಂಕ್ತಿಯ ಪದ್ಧತಿಗೆ ಸಂಘವೇ ಸಹಿ ಹಾಕಿತು. ಆದರೂ 2009ರ ಏಪ್ರಿಲ್ 30ಕ್ಕೆ ಕ್ರೈಸ್ಲರ್, ಜೂನ್ 1ಕ್ಕೆ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿದವು. ಸರ್ಕಾರ ಸುಮಾರು 50 ಶತಕೋಟಿ ಡಾಲರ್ ಸುರಿದು ಜನರಲ್ ಮೋಟಾರ್ಸನ್ನು ಎತ್ತಿ ನಿಲ್ಲಿಸಿತು. ಕಾರ್ಮಿಕರು ಬಿಟ್ಟುಕೊಟ್ಟದ್ದು ವಾಪಸು ಬರಲು ಹದಿನಾಲ್ಕು ವರ್ಷ ಬೇಕಾಯಿತು. 2023ರ ಸೆಪ್ಟೆಂಬರ್ 14ರ ಮಧ್ಯರಾತ್ರಿ ಒಪ್ಪಂದದ ಅವಧಿ ಮುಗಿಯುತ್ತಿದ್ದಂತೆ ಯುಎಡಬ್ಲ್ಯು ಅಮೆರಿಕದ ಮೂರು ದೊಡ್ಡ ಕಾರು ಕಂಪನಿಗಳ ಒಂದೊಂದು ಕಾರ್ಖಾನೆಯಲ್ಲಿ ಮುಷ್ಕರ ಹೂಡಿತು. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಲಿಲ್ಲ, ಮುಂದಿನ ಸರದಿ ಯಾವುದೆಂದು ಮೊದಲೇ ಹೇಳಲೂ ಇಲ್ಲ. ಬೀದಿಗಿಳಿದವರಿಗೆ ಸಂಘದ ನಿಧಿಯಿಂದ ವಾರಕ್ಕೆ 500 ಡಾಲರ್. ಆರು ವಾರದಲ್ಲಿ ನಾಲ್ಕೂವರೆ ವರ್ಷಕ್ಕೆ ಶೇ 25ರ ಹೆಚ್ಚಳ ಸಿಕ್ಕಿತು, ಎರಡು ಪಂಕ್ತಿಯ ಕೂಲಿ ಬಹುಮಟ್ಟಿಗೆ ಹೋಯಿತು. ಇದನ್ನು ನೋಡಿ ಅಮೆರಿಕದ ತನ್ನ ಕಾರ್ಖಾನೆಗಳಲ್ಲಿ ಸಂಘವಿಲ್ಲದ ಕಾರ್ಮಿಕರಿಗೆ ತಾನಾಗಿಯೇ ಶೇ 9ರಷ್ಟು ಸಂಬಳ ಏರಿಸಿದ ಕಂಪನಿ ಯಾವುದು ಗೊತ್ತೇ? ಟೊಯೊಟಾ.

ಬಿಡದಿಯವರಿಗೆ ವಾರದ ಭತ್ಯೆ ಕೊಡುವ ಮುಷ್ಕರ ನಿಧಿ ಇರಲಿಲ್ಲ. ಒಪ್ಪಂದ ಮುಗಿಯುವ ಒಂದು ದಿನಾಂಕದ ಸುತ್ತ ಸಿದ್ಧತೆ ನಡೆಸುವ ರೂಢಿಯೂ ನಮ್ಮಲ್ಲಿ ಬೆಳೆದಿಲ್ಲ. ಅಮಾನತ್ತೋ ಬೈಗುಳವೋ ಕಿಡಿ ಹೊತ್ತಿಸುತ್ತದೆ, ಸಿಟ್ಟು ಮೊದಲು ಬರುತ್ತದೆ, ಬೇಡಿಕೆಯ ಪಟ್ಟಿ ಆಮೇಲೆ.

ದಾಂಡೇಲಿಯವರಿಗೆ ಇದನ್ನೆಲ್ಲ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ನೆರಳಲ್ಲಿ ಬೆಳೆದ ಊರು ಅದು. ಗೇಟ್ ಮೀಟಿಂಗು, ಬೋನಸ್ಸು, ಕಾಯಂ, ಗುತ್ತಿಗೆ ಎಂಬ ಮಾತುಗಳು ಅಲ್ಲಿ ಮನೆಮಾತು. ಫೆರೋ ಅಲಾಯ್ಸ್ ಮುಚ್ಚಿದ್ದನ್ನೂ ಪ್ಲೈವುಡ್ ಕಾರ್ಖಾನೆ ಮುಚ್ಚಿದ್ದನ್ನೂ ಕಂಡ ಮನೆಗಳು ಅಲ್ಲಿವೆ. ಗಣೇಶಗುಡಿಯ ಅನುಭವ ಇನ್ನೊಂದು ಬಗೆಯದು. ಸೂಪಾ ಅಣೆಕಟ್ಟಿನ ಕೆಲಸಕ್ಕಾಗಿ ಎದ್ದ ಊರಿದು. 101 ಮೀಟರ್ ಎತ್ತರದ ಆ ಗೋಡೆ ಮುಗಿದಾಗ ಕಟ್ಟಿದವರ ಕೆಲಸವೂ ಮುಗಿಯಿತು, ಹಳೆಯ ಸೂಪಾ ಪೇಟೆ ನೀರಿನಡಿಗೆ ಹೋಗಿತ್ತು. ಇಂದು ಊರಿನ ಹುಡುಗರಿಗೆ ಇರುವುದು ರ‍್ಯಾಫ್ಟು, ಹೋಮ್‌ಸ್ಟೇ, ರೆಸಾರ್ಟಿನ ಕೆಲಸ. ಮಳೆಗಾಲದಲ್ಲಿ ಅದೂ ಕಮ್ಮಿ. ಐಟಿಐ ಮುಗಿಸಿದವರ ಕಣ್ಣು ಧಾರವಾಡದ ಟಾಟಾ ಕಾರ್ಖಾನೆಗಳ ಮೇಲೆ, ಗೋವೆಯ ಮೇಲೆ, ಇನ್ನೂ ಆಚೆಗೆ ಬಿಡದಿಯ ಮೇಲೆ. ಹಳ್ಳಿಯ ಬಡ ಮಕ್ಕಳನ್ನು ಹತ್ತನೇ ತರಗತಿಯ ನಂತರ ಆರಿಸಿಕೊಂಡು ಮೂರು ವರ್ಷ ಉಚಿತವಾಗಿ ಕಲಿಸುವ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ 2007ರಿಂದ ಬಿಡದಿಯಲ್ಲೇ ಇದೆ. ಒಳ್ಳೆಯ ಸಂಸ್ಥೆ, ಸೀಟು ಸಿಕ್ಕರೆ ಬಿಡಬಾರದು.

ಈ ಹುಡುಗರು ಕಾರ್ಖಾನೆಗೆ ಕಾಲಿಡುವ ಹೊತ್ತಿಗೆ ನಿಯಮಗಳು ಬದಲಾಗಿವೆ. 2023ರ ನವೆಂಬರಿನಲ್ಲಿ ಟೊಯೊಟಾ ಬಿಡದಿಯಲ್ಲಿ ಮೂರನೆಯ ಘಟಕಕ್ಕೆ 3,300 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿತು. ವರ್ಷಕ್ಕೆ ಇನ್ನೊಂದು ಲಕ್ಷ ಗಾಡಿ, ಸುಮಾರು 2,000 ಕೆಲಸ ಎಂಬ ಲೆಕ್ಕ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಯಾವ ಕಾರ್ಖಾನೆಯಲ್ಲೇ ಆಗಲಿ, ಹದಿನಾಲ್ಕು ದಿನ ಮೊದಲು ನೋಟಿಸ್ ಕೊಡದೆ ಮುಷ್ಕರ ಹೂಡುವಂತಿಲ್ಲ. ಅರ್ಧದಷ್ಟು ಜನ ಒಟ್ಟಿಗೆ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಏಕೈಕ ಹಕ್ಕು ಸಿಗುತ್ತದೆ. ಬಿಡದಿಯಂಥ ಕಡೆ ಇದು ಸಂಘಕ್ಕೆ ಅನುಕೂಲವೂ ಆಗಬಹುದು. ಸಂಬಳ, ಕೆಲಸದ ಗಂಟೆ, ಬಿಡುವಿನ ಅವಧಿ, ಪಾಳಿ, ರಜೆ ಇವನ್ನು ಬದಲಿಸುವ ಮುನ್ನ ಮಾಲೀಕ ನೋಟಿಸ್ ಕೊಡಬೇಕಾದ ಪಟ್ಟಿಯೊಂದು ಹಳೆಯ ಕಾಯ್ದೆಯ ಕೊನೆಯಲ್ಲಿತ್ತು, ಹೊಸದರಲ್ಲೂ ಇದೆ. ಲೈನಿನ ವೇಗ ಎಂಬ ಬಾಬು ಆಗಲೂ ಆ ಪಟ್ಟಿಯಲ್ಲಿರಲಿಲ್ಲ, ಈಗಲೂ ಇಲ್ಲ.